ಮೊಲದ ಆಂಟಿ-ಎಚ್‌ಸಿಜಿ ಸೀರಂ: ವರ್ಷಗಟ್ಟಲೆ ಬಳಸಿದವರ ಮಾತು

ಬಸಿರಿನ ಹಾರ್ಮೋನಾದ ಎಚ್‌ಸಿಜಿಯನ್ನು ಹಿಡಿಯಲೆಂದು ಮೊಲದಲ್ಲಿ ಬೆಳೆಸಿದ ಪಾಲಿಕ್ಲೋನಲ್ (ಹಲವು ಬಗೆಯ ಪ್ರತಿಕಾಯಗಳಿರುವ) ಸೀರಂ ಇದು. ನಿಮ್ಮ ಸ್ಯಾಂಪಲ್ ಮನುಷ್ಯರದ್ದಾದರೆ ಇದು ಬೇಡ. ನಮ್ಮ ಕಡೆಯ ಬಾನೆಟ್ ಕೋತಿಗಳದ್ದಾದರೆ ಧಾರಾಳವಾಗಿ ತರಿಸಿ.

ಎಚ್‌ಸಿಜಿಯ ಬೀಟಾ ಸರಪಳಿಯ ಬಾಲವನ್ನಷ್ಟೇ ಹಿಡಿಯುವ ಮೊನೊಕ್ಲೋನಲ್‌ಗಳು (ಒಂದೇ ಬಗೆಯ ಪ್ರತಿಕಾಯಗಳು) ಮನುಷ್ಯರ ರಕ್ತದಲ್ಲಿ ಬಲು ಚೊಕ್ಕ, ಎಚ್‌ಸಿಜಿಯನ್ನೇ ಹೋಲುವ, ಅಂಡೋತ್ಪತ್ತಿ ಮಾಡಿಸುವ ಎಲ್‌ಎಚ್‌ ಹಾರ್ಮೋನಿನ ತಂಟೆಗೇ ಹೋಗುವುದಿಲ್ಲ. ಕೋತಿಯ ಹಾರ್ಮೋನಿನ ರಚನೆ ತುಸು ಬೇರೆ. ಮೆಡಿಕಲ್ ಶಾಪಿನ ಪ್ರೆಗ್ನೆನ್ಸಿ ಕಿಟ್ ಬಸುರಿ ಕೋತಿಯ ಮೂತ್ರಕ್ಕೆ ಸಾಮಾನ್ಯವಾಗಿ ಒಂದೇ ಗೆರೆ ತೋರಿಸುವುದು ಅದಕ್ಕೇ. ಈ ಸೀರಂನಲ್ಲಿರುವುದು ಹಲವು ಬಗೆಯ ಪ್ರತಿಕಾಯಗಳ ಗುಂಪು, ಯಾವುದಾದರೂ ಒಂದು ಹಿಡಿದೇ ಹಿಡಿಯುತ್ತದೆ. ಎಲ್‌ಎಚ್‌ಗೂ ಅಂಟುತ್ತದೆ, ನಿಜ. ಆದರೆ ಅಂಡೋತ್ಪತ್ತಿಯ ಏರಿಕೆ ಕಳೆದ ಮೇಲೆ ಎಲ್‌ಎಚ್‌ ಇಳಿದಿರುತ್ತದೆ, ಆಗ ರಕ್ತ ತೆಗೆದರೆ ಗೊಂದಲ ಕಡಿಮೆ. ತಡಮಾಡಬೇಡಿ: ಮಕಾಕ್‌ಗಳಲ್ಲಿ (ಬಾನೆಟ್ ಕೋತಿಯೂ ಸೇರಿದ ಗುಂಪು) ಎಚ್‌ಸಿಜಿಗೆ ಸಮನಾದ ಹಾರ್ಮೋನ್ ಬಸಿರಿನ ಮೊದಲ 40 ದಿನಗಳ ಆಸುಪಾಸಿನಲ್ಲೇ ಮಾಯ.

ಲಾಟ್ (ತಯಾರಿಕೆಯ ಕಂತು) ಬದಲಾದರೆ ಹಳೆಯ ಡೈಲ್ಯೂಷನ್ ಮರೆತುಬಿಡಿ, ಟೈಟರ್, ಅಂದರೆ ಎಷ್ಟು ತೆಳುಮಾಡಿದರೂ ಸೀರಂ ಕೆಲಸ ಮಾಡುತ್ತದೆಂಬುದನ್ನು, ಹೊಸದಾಗಿ ನೋಡಲೇಬೇಕು. ಒಮ್ಮೆಯಂತೂ ಪಾರ್ಸೆಲ್ ಬಂದಾಗ ಐಸ್‌ಪ್ಯಾಕ್ ನೀರಾಗಿತ್ತು, ದೂರಿಗೆ ಉತ್ತರವೇ ಇಲ್ಲ.

ನನ್ನ ದೊಡ್ಡ ತಕರಾರು ಬೇರೆ. ಸೀರಂ ಕೆಡದಿರಲಿ ಎಂದು ಸೋಡಿಯಂ ಅಜೈಡ್ ಹಾಕಿರುತ್ತಾರೆ, ಲೇಬಲ್ಲಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಎಲಿಸಾಗೆ (ಪ್ರತಿಕಾಯದಿಂದ ಹಾರ್ಮೋನ್ ಅಳೆಯುವ ಪರೀಕ್ಷೆಗೆ) ಬಳಸುವವರಿಗೆ ಇದು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಆದರೆ ಅಂಡಾಶಯದಲ್ಲಿದ್ದು ಎಚ್‌ಸಿಜಿಯ ಪ್ರಚೋದನೆಗೆ ಪ್ರೊಜೆಸ್ಟರಾನ್ ಹಾರ್ಮೋನ್ ತಯಾರಿಸುವ ಕಾರ್ಪಸ್ ಲೂಟಿಯಂ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ಕಲ್ಚರಿಗೆ ಹಾಕಿದರೆ ಅಜೈಡ್ ಕೋಶಗಳನ್ನೇ ಕೊಲ್ಲುತ್ತದೆ. ಪ್ರೊಜೆಸ್ಟರಾನ್ ಇಳಿಯುತ್ತದೆ, ಪ್ರತಿಕಾಯ ಹಾರ್ಮೋನನ್ನು ಕಟ್ಟಿಹಾಕಿತೆಂದು ವಿದ್ಯಾರ್ಥಿ ಕುಣಿದಾಡುತ್ತಾನೆ! ಅಜೈಡ್ ಇಲ್ಲದ ಸಾಮಾನ್ಯ ಮೊಲದ ಸೀರಂ ಹೋಲಿಕೆಯ ಕಂಟ್ರೋಲ್ ಆಗಿದ್ದರೆ ಈ ಮೋಸ ಗೊತ್ತೇ ಆಗದು. ಮೊದಲು ಸೀರಂಗೆ ಡಯಾಲಿಸಿಸ್ ಮಾಡಿ, ಅಂದರೆ ತೆಳು ಪೊರೆಯ ಮೂಲಕ ಅಜೈಡನ್ನು ಹೊರಹಾಕಿ. ಆಮೇಲೆ ಒಂದು ತಟ್ಟೆಗೆ ಎಚ್‌ಸಿಜಿಯನ್ನು ಧಾರಾಳವಾಗಿ ಸುರಿಯಿರಿ. ಪ್ರೊಜೆಸ್ಟರಾನ್ ಮತ್ತೆ ಏರಿದರೆ ಮಾತ್ರ ಇಳಿಕೆ ಪ್ರತಿಕಾಯದ್ದೆಂದು ನಂಬಿ. ಅಜೈಡ್ ಇಲ್ಲದ ಸೀಸೆ ಮಾರಲು ಕಂಪನಿಗೆ ಏನು ಕಷ್ಟವೋ!

ಕೋತಿಗೇ ಚುಚ್ಚಬಹುದೇ ಎಂದು ಕೇಳುವವರಿದ್ದಾರೆ. ನೈತಿಕ ಸಮಿತಿಯ ಅನುಮತಿಯ ಮಾತು ಹಾಗಿರಲಿ, ಮೊಲದ ಪ್ರೋಟೀನನ್ನು ಕೋತಿಯ ದೇಹ ಪರಕೀಯವೆಂದು ಗುರುತಿಸಿ ಅದರ ವಿರುದ್ಧವೇ ಪ್ರತಿಕಾಯ ಮಾಡುತ್ತದೆ, ಮತ್ತೆ ಮತ್ತೆ ಕೊಟ್ಟರೆ ಫಲವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರ ತಂಡ 1970ರ ದಶಕದಲ್ಲಿ ಬಾನೆಟ್ ಕೋತಿಗಳ ಬಸಿರನ್ನು ನಿಲ್ಲಿಸಿ ನೋಡಿದಾಗ ಬಳಸಿದ್ದು, ಕುರಿಯ ಎಲ್‌ಎಚ್‌ ವಿರುದ್ಧ ಕೋತಿಯಲ್ಲೇ ಬೆಳೆಸಿದ ಸೀರಂ. ಅಂಥದ್ದು ಕ್ಯಾಟಲಾಗ್‌ನಲ್ಲಿ ಸಿಗುವುದಿಲ್ಲ, ನೀವೇ ಮಾಡಿಕೊಳ್ಳಬೇಕು.

ಎಲಿಸಾಗೆ ನಾಲ್ಕು ಸ್ಟಾರ್. ಕಲ್ಚರಿಗೆ ಎರಡೇ.