ಕಂಬಳಿಯೋ, ಬಿಸಿಗಾಳಿಯೋ? ಆಪರೇಷನ್ ಟೇಬಲ್ ಮೇಲೆ ನಾನು ಬಳಸಿ ನೋಡಿದ್ದು

ಆಪರೇಷನ್ ಮುಗಿದು ರಿಕವರಿ ರೂಮಿಗೆ ಬಂದ ರೋಗಿ ಗಡಗಡ ನಡುಗುವುದನ್ನು ಅರಿವಳಿಕೆ ವೈದ್ಯೆಯಾಗಿ ಎಷ್ಟೋ ಸಲ ನೋಡಿದ್ದೇನೆ. ಹೃದಯದ ತೊಂದರೆ ಮೊದಲೇ ಇದ್ದವರಾದರೆ ನನಗೆ ಎದೆ ಝಲ್ಲೆನ್ನುತ್ತದೆ. ನಡುಗುವ ಮೈಗೆ ಆಕ್ಸಿಜನ್ ಜಾಸ್ತಿ ಬೇಕು. ಚಳಿಗೆ ರಕ್ತನಾಳ ಬಿಗಿದು ಬಿಪಿಯೂ ಏರುತ್ತದೆ. ಆ ಭಾರವೆಲ್ಲ ಹೃದಯದ ಮೇಲೆಯೇ ಅಲ್ವಾ? ಅದಕ್ಕೇ ಆಪರೇಷನ್ ವೇಳೆ ರೋಗಿಯ ಮೈ ತಣ್ಣಗಾಗದಂತೆ ತಡೆಯಲು ನಾನು ಬಳಸಿ ನೋಡಿದ ಸಾಧನಗಳ ಬಗ್ಗೆ ಇಲ್ಲಿ ಹೇಳುತ್ತೇನೆ.

ಬಿಸಿ ಮಾಡಿಟ್ಟ ಹತ್ತಿ ಕಂಬಳಿ ಹೊದಿಸಿದರೆ ರೋಗಿಯ ಮುಖ ತಕ್ಷಣ ಅರಳುತ್ತದೆ. ಆದರೆ ಆ ಬಿಸಿ ಬೇಗ ಆರಿಹೋಗುತ್ತದೆ. ಒಂದು ಪದರ ಮೈಯ ಶಾಖ ಸೋರುವುದನ್ನು ಸುಮಾರು ಶೇ. 30ರಷ್ಟು ತಡೆಯುತ್ತದೆ. ಮೇಲೆ ಇನ್ನೆರಡು ಸುಮ್ನೆ ಹೇರಿದರೆ ಹೆಚ್ಚೇನೂ ಸಿಗುವುದಿಲ್ಲ.

ಟೇಬಲ್ ಮೇಲೆ ಹಾಸುವ ಬಿಸಿ ಹಾಸಿಗೆ ನನಗೆ ಅಷ್ಟು ಹಿಡಿಸಲಿಲ್ಲ. ಬೆನ್ನಿನಿಂದ ಶಾಖ ಹೋಗುವುದೇ ಕಡಿಮೆ. ಮೈಭಾರಕ್ಕೆ ಅಲ್ಲಿನ ರಕ್ತ ಓಡಾಟ ತಗ್ಗುವುದರಿಂದ ಚರ್ಮ ಸುಡುವ ಭಯವೂ ಇದೆ.

ನನ್ನ ಆಯ್ಕೆ ಬಿಸಿಗಾಳಿ ಹೊದಿಕೆ, ಅಂದರೆ ಯಂತ್ರವೊಂದು ಪೈಪಿನ ಮೂಲಕ ಬಿಸಿಗಾಳಿ ತುಂಬುವ ತೆಳು ಹೊದಿಕೆ. ಎದೆ, ಕೈಗಳನ್ನು ಮುಚ್ಚಿದರೂ ಸಾಕು, ಉದ್ದದ ಹೊಟ್ಟೆ ಆಪರೇಷನ್‌ನಲ್ಲೂ ಮೈಯ ತಾಪಮಾನ ಬಹುಪಾಲು 36 ಡಿಗ್ರಿ ಸೆಲ್ಸಿಯಸ್‌ನ ಮೇಲೆ ನಿಲ್ಲುತ್ತದೆ. ಹೊದಿಕೆ ಇಲ್ಲದೆ ಬರೀ ಪೈಪನ್ನು ಬೆಡ್‌ಶೀಟ್ ಕೆಳಗೆ ತೂರಿಸುವುದು ಮಾತ್ರ ಬೇಡವೇ ಬೇಡ, ಸುಟ್ಟಗಾಯ ಆಗಬಹುದು.

ಡ್ರಿಪ್ ಬಿಸಿ ಮಾಡುವ ಯಂತ್ರ ಇದಕ್ಕೆ ಜೊತೆಗಾರ, ಬದಲಿ ಅಲ್ಲ. ಕೋಣೆಯ ತಾಪಮಾನದ ಒಂದು ಲೀಟರ್ ಸಲೈನ್ ಮೈಯನ್ನು ಸುಮಾರು ಕಾಲು ಡಿಗ್ರಿ ತಣ್ಣಗಾಗಿಸುತ್ತದೆ. ಈ ಯಂತ್ರ ಅದನ್ನು ತಪ್ಪಿಸುತ್ತದೆ, ಅಷ್ಟೇ.

ಆದರೆ ಯಾವ ಸಾಧನ ಎನ್ನುವುದಕ್ಕಿಂತ ಯಾವಾಗ ಶುರು ಮಾಡುತ್ತೇವೆ ಎನ್ನುವುದೇ ದೊಡ್ಡದು. ಅರಿವಳಿಕೆ ಕೊಟ್ಟ ಕೂಡಲೇ ರಕ್ತನಾಳ ಸಡಿಲವಾಗಿ ಒಳಗಿನ ಶಾಖ ಕೈಕಾಲಿಗೆ ಹರಿಯುತ್ತದೆ. ಮೊದಲ ಗಂಟೆಯಲ್ಲೇ 1ರಿಂದ 1.5 ಡಿಗ್ರಿ ಇಳಿಯಬಹುದು. ಆಮೇಲೆ ಯಂತ್ರ ಹಚ್ಚಿದರೆ ಈ ಇಳಿತ ನಿಲ್ಲದು. ಅರಿವಳಿಕೆಗೆ ಅರ್ಧ ಗಂಟೆ ಮೊದಲೇ ಕೈಕಾಲು ಬೆಚ್ಚಗೆ ಮಾಡಲು ಶುರು ಮಾಡಿದ ಮೇಲೆ ನನ್ನ ರೋಗಿಗಳಲ್ಲಿ ನಡುಕ ಎದ್ದು ಕಾಣುವಷ್ಟು ಕಡಿಮೆಯಾಗಿದೆ.

ಹೃದಯಕ್ಕೆ ಎಷ್ಟು ಬೆಚ್ಚಗಿದ್ದರೆ ಸಾಕು? 1997ರಲ್ಲಿ 300 ರೋಗಿಗಳ ಅಧ್ಯಯನವೊಂದರಲ್ಲಿ ಬೆಚ್ಚಗಿಟ್ಟವರಲ್ಲಿ ಹೃದಯದ ಗಂಭೀರ ತೊಂದರೆ ಶೇ. 1.4, ಉಳಿದವರಲ್ಲಿ ಶೇ. 6.3 ಕಂಡಿತ್ತು. 2022ರಲ್ಲಿ 5000ಕ್ಕೂ ಜಾಸ್ತಿ ಜನರಲ್ಲಿ 37 ಮತ್ತು 35.5 ಡಿಗ್ರಿಯನ್ನು ಹೋಲಿಸಿದಾಗ ಹೃದಯದ ಮಟ್ಟಿಗೆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ 37ಕ್ಕೇ ಪಟ್ಟು ಹಿಡಿಯುವುದನ್ನು ಬಿಟ್ಟಿದ್ದೇನೆ. 36ರ ಕೆಳಗೆ ಇಳಿಯಲು ಮಾತ್ರ ಬಿಡುವುದಿಲ್ಲ.