ಜಿಯೋಫೋನಾ, ಚಿಪ್ಪಾ? ನಮ್ಮನೆ ನೆಲದ ಮೇಲೆ ಎರಡನ್ನೂ ಇಟ್ಟು ನೋಡಿದೆ

ಮಲ್ಲೇಶ್ವರದ ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗಿನ ಗಾರೆ ನೆಲದ ಮೇಲೆ, ನೆಲದ ನಡುಕ ಹಿಡಿಯಲು, ಎರಡು ಸೆನ್ಸರ್ ಪಕ್ಕಪಕ್ಕ ಕೂತಿವೆ. ಒಂದು ಎಂಪಿಯು-6050 ಚಿಪ್, ಎಸ್.ಪಿ. ರೋಡಿನಲ್ಲಿ ಸಿಕ್ಕಿದ್ದು. ಇನ್ನೊಂದು 4.5 ಹರ್ಟ್ಜ್ ಜಿಯೋಫೋನ್, ಆನ್‌ಲೈನಲ್ಲಿ ತರಿಸಿದ್ದು.

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ನಾನೇ ಇವನ್ನು ತುಂಬ ದಿನ ಕಲಸಿಕೊಂಡಿದ್ದೆ. ಸೀಸ್ಮೋಮೀಟರ್ ಅಂದರೆ ನಡುಕ ಹಿಡಿಯುವ ಸೆನ್ಸರ್ ಮಾತ್ರ. ಅದು ಕೊಡುವ ವೋಲ್ಟೇಜನ್ನು ಅಂಕಿ ಮಾಡುವುದು ಡಿಜಿಟೈಜರ್. ಎರಡೂ ಸೇರಿ, ಜೊತೆಗೆ ಸರಿಯಾದ ಗಡಿಯಾರವೂ ಇದ್ದರೆ ಅದು ಸೀಸ್ಮೋಗ್ರಾಫ್. ಅದು ಬರೆಯುವ ಗೆರೆ ಸೀಸ್ಮೋಗ್ರಾಮ್.

ಚಿಪ್‌ನೊಳಗೇ ಡಿಜಿಟೈಜರ್ ಇದೆ. ತಂತಿ ಜೋಡಿಸಿದರೆ ಸಾಕು, ಅಂಕಿ ಬರುತ್ತದೆ. ಅದು ಅಳೆಯುವುದು ವೇಗೋತ್ಕರ್ಷ. ಹಾಗಾಗಿ ಸುಮ್ನೆ ಇಟ್ಟರೂ ಭೂಮಿಯ ಸೆಳೆತ ತೋರಿಸುತ್ತದೆ: 2 ಜಿ ರೇಂಜಿನಲ್ಲಿ (1 ಜಿ ಅಂದರೆ ಭೂಮಿಯ ಸೆಳೆತದಷ್ಟು) ನೇರ ಅಕ್ಷದ ಮೇಲೆ ಹತ್ತಿರಹತ್ತಿರ 16,384. ಆದರೆ ಅದರದ್ದೇ ಗದ್ದಲ, ಅಂದರೆ ನೆಲ ಅಲುಗದಿದ್ದರೂ ಅಂಕಿ ಏರಿಳಿಯುವುದು, ಜಾಸ್ತಿ. ರಾತ್ರಿ ಅಮ್ಮ ಮೆಟ್ಟಿಲು ಹತ್ತಿದಾಗ ಆ ಗದ್ದಲದಲ್ಲಿ ಏನೂ ಕಾಣಲಿಲ್ಲ.

ಜಿಯೋಫೋನ್ ಒಳಗೆ ಅಯಸ್ಕಾಂತ, ಸ್ಪ್ರಿಂಗಿಗೆ ತೂಗುಬಿಟ್ಟ ಸುರುಳಿ, ಅಷ್ಟೇ. ಕರೆಂಟೇ ಬೇಡ. ನೆಲ ಅಲುಗಿದ ವೇಗಕ್ಕೆ ತಕ್ಕ ವೋಲ್ಟೇಜ್ ಬರುತ್ತದೆ. ಅದೇ ರಾತ್ರಿ, ಅದೇ ಮೆಟ್ಟಿಲು: ಅಮ್ಮನ ಒಂದೊಂದು ಹೆಜ್ಜೆಯೂ ಬೇರೆಬೇರೆ ಮುಳ್ಳಾಗಿ ಎದ್ದಿತ್ತು. ಎಣಿಸಿದೆ, ಹದಿನಾಲ್ಕು. ಮೆಟ್ಟಿಲೂ ಹದಿನಾಲ್ಕೇ!

ಇಷ್ಟಕ್ಕೇ ಜಿಯೋಫೋನ್ ಗೆದ್ದಿತು ಅನ್ನೋ ಹಾಗಿಲ್ಲ. ನಿಜವಾದ ವ್ಯತ್ಯಾಸ ಕಂಡಿದ್ದು ಡಿಜಿಟೈಜರ್ ಬದಲಾಯಿಸಿದಾಗ. ಮೊದಲು ಹಾಕಿದ್ದು ಎಡಿಎಸ್1115 ಅನ್ನೋ 16 ಬಿಟ್‌ನ ಡಿಜಿಟೈಜರ್ (ಬಿಟ್ ಹೆಚ್ಚಿದಷ್ಟೂ ಅಳತೆಯ ಹಂತ ಸಣ್ಣದು). ಅದರ 2.048 ವೋಲ್ಟ್ ರೇಂಜಿನಲ್ಲಿ ಅಳತೆಯ ಒಂದು ಹಂತ ಅಂದರೆ 62.5 ಮೈಕ್ರೋವೋಲ್ಟ್. ನನ್ನ ಜಿಯೋಫೋನ್ ಸೆಕೆಂಡಿಗೆ 1 ಮೀಟರ್ ವೇಗಕ್ಕೆ 28.8 ವೋಲ್ಟ್ ಕೊಡುತ್ತದೆ. ಲೆಕ್ಕ ಹಾಕಿ: ಸೆಕೆಂಡಿಗೆ 2 ಮೈಕ್ರೋಮೀಟರಿಗಿಂತ ಸಣ್ಣದು ಏನಿದ್ದರೂ ಕಳೆದೇ ಹೋಯಿತು. ಹೆಜ್ಜೆ ಕಾಣಲಿ ಅಂತ ಗೇನ್ (ವೋಲ್ಟೇಜನ್ನು ಹಿಗ್ಗಿಸುವ ಮಟ್ಟ) ಪೂರ್ತಿ ಏರಿಸಿದ್ದೆ. ಆಗ ರೇಂಜ್ 0.256 ವೋಲ್ಟಿಗೆ ಇಳಿಯಿತು. ಪಕ್ಕದಲ್ಲಿ ಒನಕೆ ಕುಟ್ಟಿದರೆ ಗೆರೆಯ ತಲೆಯೇ ಕತ್ತರಿಸಿ ಹೋಗುತ್ತಿತ್ತು. ಸಣ್ಣದು ಹಿಡಿದರೆ ದೊಡ್ಡದು ಇಲ್ಲ, ದೊಡ್ಡದು ಹಿಡಿದರೆ ಸಣ್ಣದು ಇಲ್ಲ.

24 ಬಿಟ್‌ನ ಡಿಜಿಟೈಜರ್ ಹಾಕಿದ ಮೇಲೆ ಈ ತಾಪತ್ರಯ ತಪ್ಪಿತು. ಅದೇ 2.048 ವೋಲ್ಟಿನಲ್ಲಿ ಅಳತೆಯ ಹಂತ 256 ಪಾಲು ಸಣ್ಣದಾಯಿತು. ಕೆಳಗಿನ ಕೆಲವು ಬಿಟ್ ಬರೀ ಗದ್ದಲ, ಅದು ಇದ್ದದ್ದೇ. ಆದರೂ ಒನಕೆ ಪೆಟ್ಟು, ಅಮ್ಮನ ಹೆಜ್ಜೆ ಎರಡೂ ಒಂದೇ ಗೆರೆಯಲ್ಲಿ ಪೂರ್ತಿ ಉಳಿದವು. ಮೊದಲ ಸಲ ಅದನ್ನು ಪರದೆಯ ಮೇಲೆ ನೋಡಿದಾಗ ಆದ ಖುಷಿ ಹೇಳತೀರದು. ಅದಕ್ಕೇ ದುಡ್ಡು ಕಡಿಮೆ ಇದ್ದರೆ ಸಾಧಾರಣ ಜಿಯೋಫೋನ್ ತಗೊಂಡು, ಉಳಿದದ್ದನ್ನು ಡಿಜಿಟೈಜರ್‌ಗೆ ಹಾಕಿ ಅಂತಲೇ ಹೇಳ್ತೀನಿ.

ದೂರದ ದೊಡ್ಡ ಭೂಕಂಪದ ನಿಧಾನದ ಅಲೆಗಳು ಬೇಕಿದ್ದರೆ ನಿಧಾನದ, ಚುರುಕಿನ ಅಲುಗಾಟ ಎರಡನ್ನೂ ಹಿಡಿಯುವ ಬ್ರಾಡ್‌ಬ್ಯಾಂಡ್ ಸೆನ್ಸರ್ರೇ ಬೇಕು. ಜಿಯೋಫೋನ್ 4.5 ಹರ್ಟ್ಜ್‌ಗಿಂತ ಕೆಳಗೆ ಬೇಗ ಮಂಕಾಗುತ್ತದೆ.

ಚಿಪ್ಪನ್ನು ಈ ವಾರ ಸಂಪಿನ ಮೋಟಾರಿಗೆ ಕಟ್ಟುತ್ತಿದ್ದೇನೆ. ಅಲ್ಲಿನ ಜೋರು ಅಲುಗಾಟಕ್ಕೆ ಅದೇ ಸರಿ.