ಸ್ಯಾಲ್ವೇಜ್ ಟೈಟಲ್‌ನ ಕ್ಯಾಮ್ರಿ: ಐದು ವರ್ಷ ಓಡಿಸಿದ ಮೇಲೆ

2014ರ ಮಾದರಿಯ ಟೊಯೋಟಾ ಕ್ಯಾಮ್ರಿ, ಕ್ಯಾಲಿಫೋರ್ನಿಯಾದ ನೋಂದಣಿ, ಟೈಟಲ್ (ಮಾಲೀಕತ್ವದ ದಾಖಲೆ) ಮೇಲೆ ಸ್ಯಾಲ್ವೇಜ್ ಮುದ್ರೆ. ಇದೇ ಮಾದರಿಯ, ಹೆಚ್ಚುಕಡಿಮೆ ಇಷ್ಟೇ ಓಡಿದ, ಮುದ್ರೆಯಿಲ್ಲದ ಕಾರುಗಳಿಗೆ ಆಗ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಹನ್ನೆರಡು ಸಾವಿರ ಡಾಲರ್ ಕೇಳುತ್ತಿದ್ದರು. ನನಗೆ ಇದು 7,800ಕ್ಕೆ ಸಿಕ್ಕಿತು. ಐದು ವರ್ಷ ದಾಟಿದೆ, ಕಾರಿನ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಆದರೂ ಸ್ನೇಹಿತರು ಇಂಥ ಕಾರೊಂದನ್ನು ನೋಡಿಕೊಂಡು ಬಂದು ಅಭಿಪ್ರಾಯ ಕೇಳಿದಾಗ ಹತ್ತಕ್ಕೆ ಎಂಟು ಬಾರಿ ಬೇಡವೆಂದೇ ಹೇಳುತ್ತೇನೆ. ಅದಕ್ಕೆ ಕಾರಣ ವಿವರವಾಗಿ ಬರೆಯಬೇಕೆನಿಸಿತು.

ನಮ್ಮ ಆರ್‌ಸಿಯಲ್ಲಿ ಇಂಥ ಮುದ್ರೆ ನೋಡಿ ಅಭ್ಯಾಸವಿಲ್ಲದ್ದರಿಂದ ಊರಿನಿಂದ ಹೊಸದಾಗಿ ಬಂದವರಿಗೆ ಇದು ಗೊಂದಲ. ಅಪಘಾತವಾದ ಕಾರನ್ನು ರಿಪೇರಿ ಮಾಡಿಸುವುದು ಲಾಭದಾಯಕವಲ್ಲ ಎಂದು ವಿಮಾ ಕಂಪನಿ ತೀರ್ಮಾನಿಸಿದರೆ ಮಾಲೀಕರಿಗೆ ಹಣ ಕೊಟ್ಟು ಕಾರನ್ನು ತಾನೇ ಇಟ್ಟುಕೊಂಡು ಹರಾಜಿಗೆ ಹಾಕುತ್ತದೆ. ಆಗ ಟೈಟಲ್ ಸ್ಯಾಲ್ವೇಜ್ ಆಗುತ್ತದೆ. ಲೆಕ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕಿನಲ್ಲಿ ರಿಪೇರಿ ಖರ್ಚು ಕಾರಿನ ಬೆಲೆಯ ಶೇ 75 ಮುಟ್ಟಿದರೆ ಸಾಕು. ಟೆಕ್ಸಾಸಿನಲ್ಲಿ ಪೂರ್ತಿ ಬೆಲೆಯನ್ನೇ ಮೀರಬೇಕು. ಕ್ಯಾಲಿಫೋರ್ನಿಯಾದಲ್ಲಿ ರಿಪೇರಿ ಖರ್ಚಿಗೆ ಗುಜರಿ ಬೆಲೆಯನ್ನೂ ಕೂಡಿಸಿ ಮಾರುಕಟ್ಟೆ ಬೆಲೆಯೊಂದಿಗೆ ಹೋಲಿಸುತ್ತಾರೆ. ಹಾಗಾಗಿ ಹಳೆಯ, ಅಗ್ಗದ ಕಾರು ಸಣ್ಣ ಪೆಟ್ಟಿಗೂ ಈ ಪಟ್ಟಿಗೆ ಸೇರಿಬಿಡುತ್ತದೆ. ಅದೇ ಪೆಟ್ಟು ದುಬಾರಿ ಹೊಸ ಕಾರಿಗೆ ಬಿದ್ದಿದ್ದರೆ ರಿಪೇರಿಯಾಗಿ ಶುದ್ಧ ಟೈಟಲ್‌ನಲ್ಲೇ ಉಳಿಯುತ್ತಿತ್ತು.

ಆದ್ದರಿಂದ ನಾನು ಮೊದಲು ಕೇಳುವ ಪ್ರಶ್ನೆ: ಈ ಕಾರನ್ನು ಕೈಬಿಟ್ಟದ್ದು ಯಾವ ಕಾರಣಕ್ಕೆ? ಕಳುವಾಗಿ, ವಿಮೆಯ ಹಣ ಸಂದಾಯವಾದ ಮೇಲೆ ಪತ್ತೆಯಾದ ಕಾರುಗಳಿವೆ. ಆಲಿಕಲ್ಲು ಬಿದ್ದು ಮೈಯೆಲ್ಲ ಗುಂಡಿಯಾದವಿವೆ. ಹಳೆಯ ಪ್ರಿಯಸ್‌ಗಳಲ್ಲಿ ಹೊಗೆ ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರನ್ನು ಕಳ್ಳರು ಕತ್ತರಿಸಿಕೊಂಡು ಹೋದದ್ದಕ್ಕೇ ಕಾರು ಮುಗಿಯಿತೆಂದು ಬರೆದುಬಿಟ್ಟವೂ ಇವೆ. ಇವನ್ನು ಯೋಚಿಸಬಹುದು. ನೀರಿನಲ್ಲಿ ಮುಳುಗಿದ ಕಾರನ್ನು ಮಾತ್ರ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು. 2017ರಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ ಸುತ್ತಮುತ್ತ ಮುಳುಗಿಸಿದ ಕಾರುಗಳ ಸಂಖ್ಯೆ ಲಕ್ಷಗಳಲ್ಲಿತ್ತು. ಅಂಥವು ಒಣಗಿ, ಪಾಲಿಶ್ ಆಗಿ ದೂರದ ರಾಜ್ಯಗಳಲ್ಲಿ ಮಾರಾಟಕ್ಕೆ ನಿಲ್ಲುತ್ತವೆ. ಎಂಜಿನ್ ಚೆನ್ನಾಗಿಯೇ ಓಡಬಹುದು. ವೈರಿಂಗ್‌ನ ಕನೆಕ್ಟರುಗಳೊಳಗೆ ಹಿಡಿದ ತುಕ್ಕು ತಿಂಗಳುಗಳ ನಂತರ ಎಲ್ಲಿ, ಯಾವಾಗ ಕಾಣಿಸಿಕೊಳ್ಳುತ್ತದೆಂದು ಯಾವ ಮೆಕ್ಯಾನಿಕ್ಕೂ ಹೇಳಲಾರ.

ಸ್ಯಾಲ್ವೇಜ್ ಕಾರು ಹಾಗೆಯೇ ರಸ್ತೆಗಿಳಿಯುವಂತಿಲ್ಲ. ರಿಪೇರಿಯಾಗಿ, ತಪಾಸಣೆ ಮುಗಿದ ಮೇಲೆ ಹಲವು ರಾಜ್ಯಗಳಲ್ಲಿ ‘ರೀಬಿಲ್ಟ್’, ಕ್ಯಾಲಿಫೋರ್ನಿಯಾದಲ್ಲಿ ‘ರಿವೈವ್ಡ್ ಸ್ಯಾಲ್ವೇಜ್’ ಆಗುತ್ತದೆ. ಸರ್ಕಾರಿ ತಪಾಸಣೆ ಮುಗಿದಿದೆ, ಇನ್ನೇನು ಭಯ ಎಂದು ಮಾರುವವರು ಹೇಳುತ್ತಾರೆ. ನನ್ನ ಕಾರಿಗೆ ನಡೆದದ್ದು ಬ್ರೇಕ್ ಮತ್ತು ದೀಪಗಳ ಪ್ರಮಾಣಪತ್ರ, ಹೊಗೆ ಪರೀಕ್ಷೆ, ವಿಐಎನ್ (ಕಾರಿನ ಗುರುತಿನ ಸಂಖ್ಯೆ) ಪರಿಶೀಲನೆ. ವಿಐಎನ್ ನೋಡುವುದು ಮುಖ್ಯವಾಗಿ ಕದ್ದ ಕಾರೋ, ಕದ್ದ ಬಿಡಿಭಾಗವೋ ಎಂದು ತಿಳಿಯಲು. 2024ರಲ್ಲಿ ಬ್ರೇಕ್-ದೀಪದ ಪ್ರಮಾಣಪತ್ರದ ಜಾಗಕ್ಕೆ ಇನ್ನಷ್ಟು ವಿಸ್ತಾರವಾದ ಸುರಕ್ಷತಾ ತಪಾಸಣೆ ಬಂದಿದೆ, ಅದು ಒಳ್ಳೆಯದೇ. ಆದರೆ ಫ್ರೇಮ್ ಎಷ್ಟು ಚೆನ್ನಾಗಿ ನೇರವಾಗಿದೆ, ಬೆಸುಗೆ ಹೇಗಿದೆ ಎಂಬುದರ ಹೊಣೆಯನ್ನು ಕೊಳ್ಳುವವರೇ ಹೊರಬೇಕು.

ಇತಿಹಾಸ ತಿಳಿಯಲು 17 ಅಕ್ಷರ-ಅಂಕಿಗಳ ವಿಐಎನ್ ಒಂದಿದ್ದರೆ ಆರಂಭಕ್ಕೆ ಸಾಕು. ಅಮೆರಿಕದ ಕೇಂದ್ರ ನ್ಯಾಯ ಇಲಾಖೆಯ, ವಾಹನಗಳ ಟೈಟಲ್ ಮಾಹಿತಿಯಿರುವ ಎನ್‌ಎಂವಿಟಿಐಎಸ್ ಎಂಬ ದತ್ತಾಂಶಕ್ಕೆ ವಿಮಾ ಕಂಪನಿಗಳೂ ಗುಜರಿಯವರೂ ಕಡ್ಡಾಯವಾಗಿ ವರದಿ ಕೊಡಬೇಕು. ಅದರ ವರದಿ ಕೆಲವೇ ಡಾಲರುಗಳಿಗೆ ಸಿಗುತ್ತದೆ. ಒಂದು ರಾಜ್ಯದಲ್ಲಿ ಬಿದ್ದ ಮುದ್ರೆಯನ್ನು ಮತ್ತೊಂದು ರಾಜ್ಯದಲ್ಲಿ ನೋಂದಾಯಿಸಿ ಅಳಿಸುವ ಮೋಸವನ್ನು ಹಿಡಿಯಲು ಇದು ತುಂಬ ನೆರವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಡೀಲರುಗಳು ಮಾರುವ ಮುನ್ನ ಈ ವರದಿ ತೆಗೆಸಿ, ಇಂಥ ಕಾರಿನ ಮೇಲೆ ಕೆಂಪು ಚೀಟಿ ಅಂಟಿಸಬೇಕು. ಖಾಸಗಿಯಾಗಿ ಮಾರುವವರಿಗೆ ಆ ಚೀಟಿಯ ಕಟ್ಟುಪಾಡಿಲ್ಲ.

ನನ್ನ ನಿರ್ಧಾರವನ್ನು ಗಟ್ಟಿ ಮಾಡಿದ್ದು ವರದಿಯಲ್ಲ, ಫೋಟೋಗಳು. ಹರಾಜಿನಲ್ಲಿ ಇಟ್ಟಾಗ ತೆಗೆದ, ರಿಪೇರಿಗೆ ಮುಂಚಿನ ಚಿತ್ರಗಳು ವಿಐಎನ್ ಹಾಕಿ ಹುಡುಕಿದರೆ ಎಷ್ಟೋ ಸಲ ಸಿಗುತ್ತವೆ. ನನ್ನ ಕಾರಿನವು ಸಿಕ್ಕವು. ಮುಂದಿನ ಬಲಮೂಲೆಗೆ ಪೆಟ್ಟು: ಬಂಪರ್, ಹೆಡ್‌ಲೈಟ್, ಫೆಂಡರ್, ರೇಡಿಯೇಟರ್. ಸ್ಟೀರಿಂಗ್ ನಡುವಿನ ಮುಚ್ಚಳ ಹಾಗೇ ಇತ್ತು, ಡ್ಯಾಶ್‌ಬೋರ್ಡ್ ಬಿರಿದಿರಲಿಲ್ಲ, ಅಂದರೆ ಏರ್‌ಬ್ಯಾಗ್ ಬಿಚ್ಚಿಕೊಂಡಿರಲಿಲ್ಲ. ಬಾಗಿಲು ಮತ್ತು ಕಂಬಗಳ ನಡುವಿನ ಸಂದು ಒಂದೇ ಸಮ. ಈ ಚಿತ್ರಗಳನ್ನು ಹಿಡಿದುಕೊಂಡು ಮಾರುವವರಿಗೆ ಸಂಬಂಧವಿಲ್ಲದ ಒಂದು ಬಾಡಿ ಶಾಪಿಗೆ ಕಾರನ್ನು ಒಯ್ದೆ. ಲಿಫ್ಟ್ ಮೇಲೇರಿಸಿ ಫ್ರೇಮಿನ ಅಳತೆ ತೆಗೆದು, ಬಣ್ಣದ ದಪ್ಪ ನೋಡಿ, ಸ್ಕ್ಯಾನರ್ ಹಾಕಿ ಅವರು ಕೊಟ್ಟ ಒಂದು ಪುಟದ ವರದಿಗೆ 180 ಡಾಲರ್ ತೆತ್ತೆ. ಇಡೀ ವ್ಯವಹಾರದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಅದೇ. ಫೋಟೋ ಸಿಗದ ಕಾರು, ಬೇರೆ ಗ್ಯಾರೇಜಿಗೆ ಒಯ್ಯಲು ಒಪ್ಪದ ಮಾರಾಟಗಾರ, ಎರಡೂ ನನಗೆ ಬೇಡ.

ಏರ್‌ಬ್ಯಾಗ್ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗಿನ ಬದಲಿಗೆ ಅಗ್ಗದ ನಕಲಿ ಹಾಕುವವರಿದ್ದಾರೆ. ಏನೂ ಹಾಕದೆ, ಎಚ್ಚರಿಕೆಯ ದೀಪ ಆರುವಂತೆ ಸರ್ಕೀಟ್ ತಿದ್ದುವವರೂ ಇದ್ದಾರೆ. 2024ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಏರ್‌ಬ್ಯಾಗನ್ನು ಉಬ್ಬಿಸುವ ಇಂಥ ಬದಲಿ ಇನ್‌ಫ್ಲೇಟರ್‌ಗಳ ಬಗ್ಗೆ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಬದುಕಿ ಉಳಿಯಬಹುದಾಗಿದ್ದ ಅಪಘಾತಗಳಲ್ಲಿ ಅವು ಸಿಡಿದು, ಲೋಹದ ಚೂರುಗಳು ಎದೆ, ಕುತ್ತಿಗೆ, ಮುಖಕ್ಕೆ ನುಗ್ಗಿ ಜನ ಸತ್ತಿದ್ದಾರೆ. ನಾಲ್ಕು ಸಾವಿರ ಡಾಲರ್ ಉಳಿಸಲು ಮಕ್ಕಳನ್ನು ಅಂಥ ಕಾರಿನಲ್ಲಿ ಕೂರಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಏರ್‌ಬ್ಯಾಗ್ ಬಿಚ್ಚಿಕೊಂಡಿದ್ದ ಕಾರಾದರೆ ಅಸಲಿ ಭಾಗ ಕೊಂಡ ರಸೀದಿ ಇರಲಿ, ಪರಿಣತರು ಕಣ್ಣಾರೆ ನೋಡಲಿ.

ಇನ್ನು ಓಡಾಟದ ಮಾತು. 2.5 ಲೀಟರ್ ಎಂಜಿನ್ ಮತ್ತು ಗೇರ್‌ಬಾಕ್ಸ್ ಒಂದು ದಿನವೂ ಕೈಕೊಟ್ಟಿಲ್ಲ. ಹೈವೇಯಲ್ಲಿ ಗ್ಯಾಲನ್‌ಗೆ 33 ಮೈಲಿ ಆಸುಪಾಸು ಬರುತ್ತದೆ. ಟೈರು ನಾಲ್ಕೂ ಒಂದೇ ಸಮ ಸವೆದಿವೆ. ಚಾಸಿ ನೇರವಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಿಲ್ಲ. ಕೊರತೆಗಳೂ ಇವೆ. ಬದಲಿಸಿದ ಹೆಡ್‌ಲೈಟ್ ಕಂಪನಿಯ ಅಸಲಿ ಭಾಗವಲ್ಲ, ಎರಡನೆಯ ಮಳೆಗಾಲಕ್ಕೇ ಒಳಗೆ ತೇವ ಕಟ್ಟಿತು, ಬೇರೆಯದು ಹಾಕಿಸಿದೆ. ಬಲಫೆಂಡರಿನ ಬಣ್ಣ ಬಿಸಿಲಿಗೆ ಬಾಗಿಲಿಗಿಂತ ಬೇಗ ಮಂಕಾಗಿದೆ. ಎ.ಸಿ. ಕಂಡೆನ್ಸರ್ ಸೋರಿ ಒಮ್ಮೆ ಆರುನೂರು ಡಾಲರ್ ಹಿಡಿಯಿತು. ಎಲ್ಲವೂ ಪೆಟ್ಟು ಬಿದ್ದ ಮೂಲೆಯವೇ.

ಅಗ್ಗಕ್ಕೆ ಸಿಕ್ಕಿದ ಲಾಭದ ಒಂದು ಪಾಲು ಕಾಗದಪತ್ರದಲ್ಲಿ ಹೊರಟುಹೋಗುತ್ತದೆ. ಹೆಚ್ಚಿನ ಬ್ಯಾಂಕುಗಳು ಇಂಥ ಕಾರಿಗೆ ಸಾಲ ಕೊಡುವುದಿಲ್ಲ, ಕೈಯಲ್ಲಿ ನಗದು ಇರಬೇಕು. ಎದುರಿನವರ ಹಾನಿಗೆ ಬೇಕಾದ ಕಡ್ಡಾಯ ವಿಮೆ ಸುಲಭವಾಗಿ ಸಿಕ್ಕಿತು. ನಮ್ಮ ಕಾರಿನ ಹಾನಿಗೂ ರಕ್ಷಣೆ ಕೇಳಿದಾಗ ಒಂದು ಕಂಪನಿ ಸಾರಾಸಗಟಾಗಿ ನಿರಾಕರಿಸಿತು. ಮತ್ತೊಂದು ಕಂಪನಿ ಕಾರಿನ ಚಿತ್ರಗಳನ್ನು ತರಿಸಿಕೊಂಡು ಒಪ್ಪಿದರೂ, ಪರಿಹಾರ ಕೊಡುವಾಗ ಬೆಲೆಯನ್ನು ಮುದ್ರೆಯ ಕಾರಣಕ್ಕೆ ಇಳಿಸಿಯೇ ಲೆಕ್ಕ ಹಾಕುವುದಾಗಿ ಮೊದಲೇ ತಿಳಿಸಿತು. ಕಾರಿಗೆ ವಯಸ್ಸಾದ್ದರಿಂದ ಕಳೆದ ವರ್ಷ ಆ ಭಾಗವನ್ನು ಕೈಬಿಟ್ಟೆ.

ಹೀಗಾಗಿ ಎರಡು-ಮೂರು ವರ್ಷದಲ್ಲಿ ಮಾರುವ ಯೋಚನೆಯಿರುವ ವಿದ್ಯಾರ್ಥಿಗಳಿಗೆ, ವೀಸಾದ ಅನಿಶ್ಚಿತತೆಯಲ್ಲಿ ಇರುವವರಿಗೆ ಇದನ್ನು ನಾನು ಸೂಚಿಸುವುದಿಲ್ಲ. ಊರಿಗೆ ಹೊರಡುವ ಅವಸರದಲ್ಲಿ ಮುದ್ರೆಯಿರುವ ಕಾರಿಗೆ ಗಿರಾಕಿ ಸಿಗುವುದು ಕಷ್ಟ. ಹಳೆಯ ಕಾರು ಕೊಳ್ಳುವ ದೊಡ್ಡ ಡೀಲರುಗಳಲ್ಲಿ ಹಲವರು ಟೈಟಲ್ ನೋಡಿಯೇ ಬೇಡವೆನ್ನುತ್ತಾರೆ. ನನಗೆ ಮಾರುವ ಉದ್ದೇಶವಿಲ್ಲ. ಎಂಜಿನ್ ನಿಲ್ಲುವವರೆಗೆ ಓಡಿಸಿ, ಆಮೇಲೆ ಗುಜರಿಗೆ ಕೊಡುತ್ತೇನೆ. ಆ ಲೆಕ್ಕದಲ್ಲಿ 7,800 ಡಾಲರ್ ಎಂದೋ ವಸೂಲಾಗಿದೆ.